ಫಿಲೋಮಿನಾನ ಸಂತರ ಪಟ್ಟಿಯಿಂದ ತೆಗೆದ್ರಂತೆ, ನಿಜಾನಾ?

ಮೈಸೂರಿನ ಓದುಗರೊಬ್ಬರು ಕೇಳಿದಾರೆ: "ನಾವು ಹಿಂದೂಗಳು, ಆದ್ರೆ ನಾನು ಚಿಕ್ಕವಳಿದ್ದಾಗಿಂದ ಅಜ್ಜಿ ಜೊತೆ ಫಿಲೋಮಿನಾ ಚರ್ಚ್‌ಗೆ ಹೋಗಿ ಮೇಣದಬತ್ತಿ ಹಚ್ಚಿ ಬರ್ತೀನಿ. ಮೊನ್ನೆ ಆಫೀಸಲ್ಲಿ ಒಬ್ರು, ಆ ಫಿಲೋಮಿನಾ ಸಂತಳೇ ಅಲ್ವಂತೆ, ರೋಮ್‌ನವರು ಅರವತ್ತು ವರ್ಷದ ಹಿಂದೇನೇ ಪಟ್ಟಿಯಿಂದ ತೆಗೆದುಹಾಕಿದಾರಂತೆ ಅಂದ್ರು. ಹಾಗಾದ್ರೆ ಅಷ್ಟು ದೊಡ್ಡ ಚರ್ಚು ಯಾರ ಹೆಸರಲ್ಲಿ ನಿಂತಿದೆ? ಸಂತರನ್ನ ಮಾಡೋರು ಯಾರು, ತೆಗೆಯೋರು ಯಾರು? ಕ್ರೈಸ್ತರಿಗೆ ಒಬ್ಬನೇ ದೇವರು ಅಂತಾರಲ್ಲ, ಮತ್ತೆ ಈ ಸಂತರು ಯಾರು? ಅಜ್ಜಿಗೆ ಇದನ್ನ ಹೇಳ್ಲಾ, ಬೇಡ್ವಾ?"

ಅಜ್ಜಿಗೆ ಹೇಳೋದು ಬಿಡೋದು ಕೊನೆಗೆ ನೋಡೋಣ. ನಿಮ್ಮ ಆಫೀಸಿನವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 1961ರಲ್ಲಿ ರೋಮ್ ಆಕೆಯ ಹಬ್ಬವನ್ನ ಪೂಜಾ ಕ್ಯಾಲೆಂಡರ್‌ಗಳಿಂದ ತೆಗೀರಿ ಅಂತ ಹೇಳಿದ್ದು ಹೌದು. ಆದ್ರೆ ಸಂತರ ಪಟ್ಟಿಯಿಂದ ತೆಗೆದ್ರು ಅನ್ನೋದು ತಪ್ಪು, ಯಾಕಂದ್ರೆ ಆಕೆ ಹೆಸರು ಆ ಪಟ್ಟಿಗೆ ಸೇರೇ ಇರ್ಲಿಲ್ಲ. ಸೇರದೇ ಇದ್ರೂ ಒಂದೂವರೆ ಶತಮಾನ ಅರ್ಧ ಪ್ರಪಂಚ ಆಕೆನ ಸಂತ ಅಂತ ಕೈಮುಗೀತು, ಪೋಪ್‌ಗಳೂ ಮುಗಿದ್ರು. ಇದು ಹೇಗೆ ಸಾಧ್ಯ ಅಂತ ಗೊತ್ತಾದ್ರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಕ್ಕಂಗೆ, ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ಅದಕ್ಕೂ ಮುಂಚೆ ಒಂದು ಮಾತು, ನೀವು "ಸಂತಳು" ಅಂತ ಬರೆದಿದೀರಿ. ನಮ್ಮ ಚರ್ಚ್ ಕನ್ನಡದಲ್ಲಿ ಗಂಡಸಾದ್ರೂ ಹೆಂಗಸಾದ್ರೂ ಹೆಸರಿನ ಹಿಂದೆ ಸಂತ ಅಂತಾನೇ ಹಾಕೋದು, ಸಂತ ಅಂತೋಣಿ, ಸಂತ ತೆರೇಸಾ, ಸಂತ ಫಿಲೋಮಿನಾ. ಹೆಣ್ಣು ರೂಪ ಮಾಡೋಕೆ ಹೋದ್ರೆ ಸಂತೆ ಆಗಿ ತರಕಾರಿ ಮಾರೋ ಜಾಗ ಆಗ್ಬಿಡುತ್ತಲ್ಲ, ಅದಕ್ಕೇ ಇರ್ಬೇಕು!

ಸರಿ, ರೋಮ್‌ಗೆ ಹೋಗೋಣ. ಅಲ್ಲಿ ಸಲಾರಿಯಾ ರಸ್ತೆ ಪಕ್ಕ ಪ್ರಿಸಿಲ್ಲಾ ಕ್ಯಾಟಕೂಂಬ್ ಅಂತ ಇದೆ, ನೆಲದಡಿ ಮೃದು ಕಲ್ಲನ್ನ ಕೊರೆದು ಮಾಡಿರೋ ಹಳೇ ಕ್ರೈಸ್ತರ ಸಮಾಧಿ ಸುರಂಗ, ಗೋಡೆ ಉದ್ದಕ್ಕೂ ರೈಲಿನ ಬರ್ತ್ ಥರ ಒಂದರ ಮೇಲೊಂದು ಗೂಡು, ಒಂದೊಂದು ಗೂಡಲ್ಲಿ ಒಂದೊಂದು ಹೆಣ. 1802ರ ಮೇ 24ರಂದು ಅಲ್ಲಿ ಅಗೀತಿದ್ದಾಗ ಅಲ್ಲಿವರೆಗೆ ಯಾರೂ ಮುಟ್ಟದ ಒಂದು ಗೂಡು ಸಿಕ್ತು. ಅದರ ಬಾಯಿಗೆ ಮೂರು ಸುಟ್ಟ ಮಣ್ಣಿನ ಹಂಚು ಮುಚ್ಚಿತ್ತು, ಹಂಚಿನ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ. ಮೊದಲ ಹಂಚಲ್ಲಿ "ಲುಮೆನಾ", ಎರಡನೇದರಲ್ಲಿ "ಪಾಕ್ಸ್ ತೆ", ಮೂರನೇದರಲ್ಲಿ "ಕುಂ ಫಿ". ಓದಿದ್ರೆ ಏನೂ ಅರ್ಥ ಆಗಲ್ಲ. ಮೊದಲನೇ ಹಂಚನ್ನ ತಗೊಂಡು ಕೊನೆಗಿಟ್ರೆ "ಪಾಕ್ಸ್ ತೆಕುಂ ಫಿಲುಮೆನಾ" ಆಗುತ್ತೆ, ಲ್ಯಾಟಿನ್‌ನಲ್ಲಿ "ಫಿಲುಮೆನಾ, ನಿನಗೆ ಶಾಂತಿ ಇರಲಿ" ಅಂತ. ಅಕ್ಷರಗಳ ಮಧ್ಯೆ ಲಂಗರಿನ ಚಿತ್ರ, ಬಾಣಗಳು, ಒಂದು ತಾಳೆಗರಿ. ಮರುದಿನ ಗೂಡು ತೆರೆದ್ರೆ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗಿಯ ಮೂಳೆ, ಪಕ್ಕದಲ್ಲಿ ಒಂದು ಸಣ್ಣ ಗಾಜಿನ ಕುಪ್ಪಿ, ಒಳಗೆ ಏನೋ ಒಣಗಿ ಅಂಟಿಕೊಂಡಿತ್ತು.

ಅಷ್ಟೇ. ಫಿಲೋಮಿನಾ ಬಗ್ಗೆ ಕೈಗೆ ಸಿಕ್ಕ ಸಾಕ್ಷಿ ಅಂದ್ರೆ ಒಟ್ಟು ಇಷ್ಟೇ. ಮೂರು ಹಂಚು, ಒಂದು ಹೆಸರು, ಕೆಲವು ಮೂಳೆ, ಒಂದು ಕುಪ್ಪಿ. ಆ ಕಾಲದಲ್ಲಿ ಕುಪ್ಪಿ ಸಿಕ್ಕಿದ್ರೆ ಅದರಲ್ಲಿರೋದು ರಕ್ತ, ರಕ್ತ ಇಟ್ಟಿದಾರೆ ಅಂದ್ರೆ ಧರ್ಮಕ್ಕಾಗಿ ಪ್ರಾಣ ಕೊಟ್ಟೋರು, ತಾಳೆಗರಿ ಅಂದ್ರೆ ಹುತಾತ್ಮರ ಗುರುತು ಅಂತ ಲೆಕ್ಕ ಹಾಕ್ತಿದ್ರು, ಹಾಗಾಗಿ ಈಕೆ ಹುತಾತ್ಮಳು ಅಂತ ತೀರ್ಮಾನ ಆಯ್ತು. ಮೂಳೆಗಳನ್ನ ಎತ್ತಿಟ್ರು, ಮೂರು ವರ್ಷ ಯಾರೂ ಕೇಳ್ಲಿಲ್ಲ. 1805ರಲ್ಲಿ ನೇಪಲ್ಸ್ ಹತ್ರದ ಮುಞ್ಞಾನೋ ಅನ್ನೋ ಊರಿನ ಪಾದ್ರಿ ಫ್ರಾಂಚೆಸ್ಕೊ ದೆ ಲೂಚಿಯಾ, ನಮ್ಮೂರ ಚರ್ಚಿಗೆ ಒಬ್ಬ ಹುತಾತ್ಮರ ಅವಶೇಷ ಬೇಕು ಅಂತ ರೋಮ್‌ಗೆ ಬಂದು, ಹೆಸರು ಗೊತ್ತಿರೋ ಮೂಳೆ ಸಿಗೋದೇ ಅಪರೂಪ ಅಂತ ಇವನ್ನೇ ಕೇಳಿ ತಗೊಂಡು ಹೋದ್ರು. ಊರಿಗೆ ಬಂದ ಮೇಲೆ ಶುರುವಾಯ್ತು ನೋಡಿ, ಕಾಯಿಲೆ ವಾಸಿ ಆಯ್ತು ಅಂತ ಒಬ್ರು, ಮಗು ಉಳೀತು ಅಂತ ಇನ್ನೊಬ್ರು, ಸುದ್ದಿ ಹಬ್ಬಿ ಜಾತ್ರೆ ಸೇರೋಕೆ ಶುರು.

ಆದ್ರೆ ಜನಕ್ಕೆ ಬರೀ ಹೆಸರು ಸಾಕಾಗಲ್ವಲ್ಲ, ಕಥೆ ಬೇಕು. 1833ರಲ್ಲಿ ನೇಪಲ್ಸ್‌ನ ಮರಿಯಾ ಲೂಯಿಸಾ ಅನ್ನೋ ಸನ್ಯಾಸಿನಿ, ಫಿಲೋಮಿನಾನೇ ನನಗೆ ತನ್ನ ಕಥೆ ಹೇಳಿದ್ಲು ಅಂದ್ರು. ಗ್ರೀಸ್‌ನ ಒಬ್ಬ ರಾಜನ ಮಗಳಂತೆ, ರೋಮ್ ಚಕ್ರವರ್ತಿ ಡಯೋಕ್ಲೀಶಿಯನ್ ಮದುವೆ ಆಗ್ತೀನಿ ಅಂದ್ನಂತೆ, ನಾನು ಕ್ರಿಸ್ತನಿಗೆ ಮೀಸಲು ಅಂತ ಈಕೆ ಒಪ್ಪಲಿಲ್ವಂತೆ, ಅದಕ್ಕೆ ಕುತ್ತಿಗೆಗೆ ಲಂಗರು ಕಟ್ಟಿ ನದಿಗೆ ಎಸೆದ್ರೂ ಸಾಯ್ಲಿಲ್ಲ, ಬಾಣ ಬಿಟ್ರೂ ಸಾಯ್ಲಿಲ್ಲ, ಕೊನೆಗೆ ತಲೆ ಕಡಿದ್ರು. ಗಮನಿಸಿ, ಲಂಗರು, ಬಾಣ, ಎರಡೂ ಹಂಚಿನ ಮೇಲಿದ್ದವೇ. ಹಂಚಿನ ಚಿತ್ರಗಳೇ ಕಥೆ ಆಗಿವೆ. ಹಳೇ ಕ್ರೈಸ್ತ ಸಮಾಧಿಗಳಲ್ಲಿ ಲಂಗರು ಮಾಮೂಲಿ ಗುರುತು, ಭರವಸೆ ಅನ್ನೋ ಅರ್ಥಕ್ಕೆ ಬರೀತಿದ್ರು, ಯಾರ ಕುತ್ತಿಗೆಗೂ ಕಟ್ಟಿದ್ದಲ್ಲ. ಸನ್ಯಾಸಿನಿ ಸುಳ್ಳು ಹೇಳಿದ್ರು ಅಂತ ನಾನಂತೂ ಹೇಳಲ್ಲ, ಭಕ್ತಿಯಲ್ಲಿ ಮುಳುಗಿದ ಮನಸ್ಸು ಕಂಡ ಕನಸನ್ನ ಚರಿತ್ರೆ ಅಂತ ಓದಿದ್ದು ನಮ್ಮ ತಪ್ಪು.

ಈಗ ಫ್ರಾನ್ಸ್‌ಗೆ ಬನ್ನಿ, ಯಾಕಂದ್ರೆ ಮೈಸೂರಿನ ದಾರಿ ಇರೋದು ಅಲ್ಲಿಂದಲೇ. ಲಿಯೋನ್ ಊರಿನ ಪೋಲೀನ್ ಜರಿಕೋ ಅನ್ನೋ ಹೆಣ್ಣುಮಗಳು, ಮಿಶನ್‌ಗಳಿಗೆ ಜನರಿಂದ ಚಿಲ್ಲರೆ ಕಾಸು ಕೂಡಿಸಿ ಕಳಿಸೋ ಸಂಘ ಕಟ್ಟಿದಾಕೆ, ಹೃದಯದ ಕಾಯಿಲೆಯಿಂದ ಇನ್ನೇನು ಹೋಗ್ತಾಳೆ ಅನ್ನೋ ಸ್ಥಿತಿಯಲ್ಲಿ 1835ರ ಆಗಸ್ಟ್‌ನಲ್ಲಿ ಮುಞ್ಞಾನೋಗೆ ಹೋಗಿ ವಾಸಿಯಾಗಿ ಎದ್ದುಬಂದ್ಲು. ಹೋಗೋ ದಾರಿಯಲ್ಲಿ ಪೋಪ್ ಹದಿನಾರನೇ ಗ್ರೆಗೊರಿ ಆಕೆನ ನೋಡಿದ್ರು, ವಾಪಸ್ ಬರೋವಾಗ ತಾನೇ ನಡ್ಕೊಂಡು ಬಂದಿದ್ದನ್ನೂ ನೋಡಿದ್ರು. 1837ರಲ್ಲಿ ಅದೇ ಪೋಪ್ ಫಿಲೋಮಿನಾ ಹೆಸರಲ್ಲಿ ಪೂಜೆಗೆ ಅನುಮತಿ ಕೊಟ್ರು. ಅನುಮತಿ ಅಷ್ಟೇ, ಸಂತ ಪದವಿ ಘೋಷಣೆ ಅಲ್ಲ, ಈ ವ್ಯತ್ಯಾಸ ನೆನಪಿಟ್ಕೊಳ್ಳಿ. ಆರ್ಸ್ ಅನ್ನೋ ಹಳ್ಳಿಯ ಪಾದ್ರಿ ಜಾನ್ ವಿಯಾನ್ನಿ, ಪಾಪನಿವೇದನೆ ಕೇಳೋಕೆ ದಿನಕ್ಕೆ ಹನ್ನೆರಡು ಗಂಟೆಗೂ ಮೇಲೆ ಕೂರ್ತಿದ್ದವರು, ತಮ್ಮ ಹತ್ರ ವಾಸಿಯಾದವರನ್ನೆಲ್ಲ "ನನ್ನದೇನೂ ಇಲ್ಲ, ಎಲ್ಲ ಫಿಲೋಮಿನಾದು" ಅಂತ ಸಾಗಹಾಕ್ತಿದ್ರು. ತಮಾಷೆ ಏನಂದ್ರೆ ಆ ಪಾದ್ರಿ 1925ರಲ್ಲಿ ನಿಯಮದ ಪ್ರಕಾರ ವಿಚಾರಣೆ ಆಗಿ ಸಂತರಾದ್ರು, ಅವರು ನಂಬಿದ ಸಂತ ಮಾತ್ರ ಆಗ್ಲೇ ಇಲ್ಲ.

ಮೈಸೂರು ಮಿಶನ್ ಆಗ ಇದ್ದಿದ್ದು ಪ್ಯಾರಿಸ್‌ನ ವಿದೇಶಿ ಮಿಶನ್ ಸಂಘದ ಫ್ರೆಂಚ್ ಪಾದ್ರಿಗಳ ಕೈಯಲ್ಲಿ. ಅವರ ಊರ ಕಡೆ ಮನೆಮನೆಯಲ್ಲಿದ್ದ ಫಿಲೋಮಿನಾ ಅವರ ಜೊತೆ ಇಲ್ಲಿಗೂ ಬಂದ್ಲು. ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಆಕೆಯ ಅವಶೇಷದ ಒಂದು ಚೂರು ತರಿಸಿಕೊಂಡ್ರು, ಅದನ್ನ ಫಾದರ್ ಕೋಶೆಯವರಿಗೆ ಕೊಟ್ರು, ಅವರು ಮಹಾರಾಜರ ಹತ್ರ ಹೋಗಿ ಒಂದು ಚರ್ಚು ಕಟ್ಟೋಕೆ ಸಹಾಯ ಕೇಳಿದ್ರು. 1843ರಲ್ಲಿ ಮುಮ್ಮಡಿಯವರ ಕಾಲದಲ್ಲಿ ಕಟ್ಟಿದ ಹಳೇ ಚರ್ಚಿದ್ದ ಜಾಗದಲ್ಲೇ 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಅಡಿಗಲ್ಲಿಟ್ರು. 175 ಅಡಿಯ ಎರಡು ಗೋಪುರ, ಜರ್ಮನಿಯ ಕೊಲೋನ್ ಕ್ಯಾಥೆಡ್ರಲ್ ಮಾದರಿ. ಬಲಿಪೀಠದ ಕೆಳಗೆ ನೆಲಮಾಳಿಗೆಗೆ ಇಳಿದ್ರೆ ಮಲಗಿರೋ ಹುಡುಗಿಯ ಪ್ರತಿಮೆ, ನೀವು ಅಜ್ಜಿ ಜೊತೆ ನೋಡಿರ್ತೀರಿ. ನೀವು ಬಹುಶಃ ನೋಡದೇ ಇರೋದು ಅದರ ಪೂರ್ತಿ ಹೆಸರು: ಸಂತ ಜೋಸೆಫರ ಮತ್ತು ಸಂತ ಫಿಲೋಮಿನಾ ಕ್ಯಾಥೆಡ್ರಲ್. ಜೋಸೆಫರನ್ನ ಮೈಸೂರು ಪೂರ್ತಿ ಮರೆತುಬಿಡ್ತು, ಆಟೋದವರಿಗೆ ಹೇಳಿ ನೋಡಿ, ಜೋಸೆಫ್ ಕ್ಯಾಥೆಡ್ರಲ್ ಅಂದ್ರೆ ಎಲ್ಲಿ ಸಾರ್ ಅಂತಾರೆ!

ಇತ್ತ ರೋಮ್‌ನಲ್ಲಿ ಪುರಾತತ್ವದವರು ಹಂಚು ನೋಡ್ತಾ ಕೂತಿದ್ರು. ಒರಾಜಿಯೋ ಮರುಕ್ಕಿ ಅನ್ನೋ ವಿದ್ವಾಂಸ 1904ರಲ್ಲಿ ಹೇಳಿದ್ದು ಇಷ್ಟು: ಈ ಹಂಚುಗಳು ಹಳೇವು, ಮೊದಲು ಬೇರೆ ಗೋರಿಯಲ್ಲಿದ್ದವು, ಆಮೇಲೆ ಯಾರೋ ಇನ್ನೊಬ್ಬರನ್ನ ಮಣ್ಣು ಮಾಡೋವಾಗ ಅದೇ ಹಂಚುಗಳನ್ನ ಮತ್ತೆ ಬಳಸಿದಾರೆ, ಈ ಹೆಸರಿಗೂ ಒಳಗಿರೋರಿಗೂ ಸಂಬಂಧ ಇಲ್ಲ ಅಂತ ಗೊತ್ತಾಗ್ಲಿ ಅಂತಾನೇ ಕ್ರಮ ತಪ್ಪಿಸಿ ಇಟ್ಟಿದಾರೆ. ಅಂದ್ರೆ ಫಿಲುಮೆನಾ ಅಂತ ಒಬ್ಬಳಿದ್ಲು, ಆದ್ರೆ ಮುಞ್ಞಾನೋಗೆ ಹೋದ ಮೂಳೆ ಆಕೆದಲ್ಲ! ಇದನ್ನ ಒಪ್ಪದವರೂ ಇದಾರೆ, ಗಾರೆ ಹಾಕೋನಿಗೆ ಓದು ಬರ್ತಿರ್ಲಿಲ್ಲ, ತಪ್ಪಿಟ್ಟ ಅಷ್ಟೇ ಅಂತಾರೆ. ಕುಪ್ಪಿ ಬಗ್ಗೆನೂ ಅಷ್ಟೇ, ಅದು ಸುಗಂಧದ ಕುಪ್ಪಿ ಇರ್ಬಹುದು, ಎಷ್ಟೋ ಗೋರಿಗಳಲ್ಲಿ ಅಂಥದ್ದು ಇರ್ತಿತ್ತು, ಅದನ್ನಿಟ್ಟು ಹುತಾತ್ಮರು ಅನ್ನೋಕಾಗಲ್ಲ ಅಂತ ಅಷ್ಟೊತ್ತಿಗೆ ಅಭಿಪ್ರಾಯ ಬದಲಾಗಿತ್ತು. ಕೊನೆಗೆ 1961ರ ಫೆಬ್ರವರಿಯಲ್ಲಿ ಆಕೆ ಹಬ್ಬನ ಎಲ್ಲ ಕ್ಯಾಲೆಂಡರ್‌ಗಳಿಂದ ತೆಗೀರಿ ಅಂತ ಆದೇಶ ಬಂತು. ಆಕೆಗೆ ಯಾರೂ ಪ್ರಾರ್ಥಿಸ್ಬೇಡಿ ಅಂತ ಅದರಲ್ಲಿಲ್ಲ, ಚರ್ಚ್‌ಗಳ ಹೆಸರು ಬದಲಾಯಿಸಿ ಅಂತಾನೂ ಇಲ್ಲ.

ಹಾಗಾದ್ರೆ ಘೋಷಣೆ ಆಗದೇ ಸಂತ ಆಗೋದು ಹೇಗೆ ಅಂತೀರಾ? ಮೊದಲ ಸಾವಿರ ವರ್ಷ ಎಲ್ಲರೂ ಹಾಗೇ ಆಗಿದ್ದು. ಸಂತ ಪೇತ್ರರಿಗೆ ಯಾವ ಪೋಪ್ ಸರ್ಟಿಫಿಕೇಟ್ ಕೊಡ್ಬೇಕಿತ್ತು ಹೇಳಿ, ಮೊದಲ ಪೋಪ್ ಅವರೇ! ಮೊದಲ ತಲೆಮಾರಿನ ಧರ್ಮಪ್ರಚಾರಕ ಪೌಲ ತನ್ನ ಪತ್ರಗಳಲ್ಲಿ ಕೊರಿಂಥದ ಸಂತರಿಗೆ, ಫಿಲಿಪ್ಪಿಯ ಸಂತರಿಗೆ ಅಂತ ಬರೆಯೋವಾಗ ಆ ಊರಿನ ಎಲ್ಲ ವಿಶ್ವಾಸಿಗಳಿಗೂ ಸೇರಿಸಿ ಹೇಳ್ತಿದ್ದ, ದೇವರಿಗೆ ಮೀಸಲಾದವರು ಅನ್ನೋದಷ್ಟೇ ಆಗ ಅದರ ಅರ್ಥ, ಕನ್ನಡ ಬೈಬಲ್ಲಲ್ಲಿ ದೇವಜನರು ಅಂತ ಇರುತ್ತೆ. ಆಮೇಲೆ ರೋಮನ್ನರು ಕೊಲ್ಲೋಕೆ ಶುರು ಮಾಡಿದ್ರು. ಸುಮಾರು 155ರಲ್ಲಿ ಸ್ಮಿರ್ನಾ ಊರಲ್ಲಿ, ಅಂದ್ರೆ ಈಗಿನ ಟರ್ಕಿಯ ಇಜ್ಮೀರ್‌ನಲ್ಲಿ, ಮುದುಕ ಬಿಷಪ್ ಪೊಲಿಕಾರ್ಪ್‌ರನ್ನ ಸುಟ್ರು. ಅಲ್ಲಿನ ಜನ ಮೂಳೆಗಳನ್ನ ರತ್ನಕ್ಕಿಂತ ಬೆಲೆಯುಳ್ಳವು ಅಂತ ಆರಿಸಿ ಇಟ್ಕೊಂಡು, ವರ್ಷ ವರ್ಷ ಅವರು ಸತ್ತ ದಿನ ಅಲ್ಲಿ ಸೇರ್ತೀವಿ ಅಂತ ಪತ್ರ ಬರೆದ್ರು, ಆ ಪತ್ರ ಇವತ್ತಿಗೂ ಇದೆ. ಸತ್ತ ದಿನವನ್ನ ಅವರು ಕರೆದಿದ್ದು ಹುಟ್ಟಿದ ದಿನ ಅಂತ. ಈಗಲೂ ಹೆಚ್ಚಿನ ಸಂತರ ಹಬ್ಬ ಬರೋದು ಅವರು ಸತ್ತ ತಾರೀಕಿಗೆ. ಸಂತ ಅನ್ನೋದರ ಬೇರು ಇರೋದೇ ಇಲ್ಲಿ, ಒಂದು ಗೋರಿ, ಅದರ ಸುತ್ತ ಮತ್ತೆ ಮತ್ತೆ ಬರೋ ಜನ. ನಮ್ಮ ಕಡೆ ಗದ್ದುಗೆಗೆ ಜನ ಹೋಗೋದಕ್ಕೆ ಯಾರ ಆರ್ಡರ್ ಬೇಕಾಗಿರುತ್ತೆ?

ಜನ ಕೊಡೋ ಪದವಿ ಅಂದ್ಮೇಲೆ ಎಡವಟ್ಟೂ ಆಗುತ್ತೆ. ಒಂದು ಉದಾಹರಣೆ ಹೇಳ್ಲೇಬೇಕು, ನನಗಿದು ಬಹಳ ಇಷ್ಟ. ಮಧ್ಯಯುಗದ ಯೂರೋಪ್‌ನಲ್ಲಿ ಸಂತ ಜೋಸಫಾತ್ ಅಂತ ಒಬ್ಬ ಭಾರತದ ರಾಜಕುಮಾರನ ಕಥೆ ಭಾರೀ ಫೇಮಸ್ಸು. ಮಗ ಸನ್ಯಾಸಿ ಆಗ್ತಾನೆ ಅಂತ ಜ್ಯೋತಿಷಿಗಳು ಹೇಳಿದ್ದಕ್ಕೆ ಅಪ್ಪ ಅವನನ್ನ ಅರಮನೆಯಲ್ಲೇ ಕೂಡಿ ಹಾಕಿ ಸುಖದಲ್ಲಿ ಬೆಳೆಸ್ತಾನೆ, ಒಂದಿನ ಹೊರಗೆ ಬಂದು ರೋಗಿ, ಮುದುಕ ಎಲ್ಲ ಕಂಡು ಮನಸ್ಸು ಕದಡಿ ಕೊನೆಗೆ ರಾಜ್ಯ ಬಿಟ್ಟು ಹೋಗ್ತಾನೆ. ಯಾರ ಕಥೆ ಅಂತ ನಿಮಗೆ ಆಗ್ಲೇ ಗೊತ್ತಾಗಿರುತ್ತೆ! ಬೋಧಿಸತ್ವ ಅನ್ನೋದು ಅರಬ್ಬಿಯಲ್ಲಿ ಬೂದಾಸಫ್ ಆಗಿ, ಅಕ್ಷರದ ಚುಕ್ಕಿ ತಪ್ಪಿ ಯೂದಾಸಫ್ ಆಗಿ, ಜಾರ್ಜಿಯಾ, ಗ್ರೀಕ್ ದಾಟಿ ಲ್ಯಾಟಿನ್‌ಗೆ ಬರೋಷ್ಟರಲ್ಲಿ ಜೋಸಫಾತ್ ಆಗಿ, ನವೆಂಬರ್ 27ಕ್ಕೆ ಸಂತರ ಪಟ್ಟಿಗೆ ಅವನ ಹೆಸರು ಕೂಡ ಸೇರ್ಕೊಳ್ತು. ಬುದ್ಧನೇ ಕ್ರೈಸ್ತ ಸಂತರ ಸಾಲಲ್ಲಿ ನಿಂತ್ಕೊಂಡಿದ್ದ, ಯಾರಿಗೂ ಗೊತ್ತಿರ್ಲಿಲ್ಲ.

ಇಂಥದ್ದಕ್ಕೆ ಕಡಿವಾಣ ಬೇಕು ಅಂತ ರೋಮ್ ನಿಧಾನಕ್ಕೆ ಎಲ್ಲ ತನ್ನ ಕೈಗೆ ತಗೊಳ್ತು. ಪೋಪ್ ಅಧಿಕೃತವಾಗಿ ಸಂತ ಅಂತ ಘೋಷಿಸಿದ್ದರಲ್ಲಿ ದಾಖಲೆ ಸಿಗೋ ಮೊದಲನೇದು 993ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನ ಬಿಷಪ್ ಉಲ್ರಿಕ್. 1234ಕ್ಕೆ ಇದು ಪೋಪ್ ಒಬ್ಬರದೇ ಅಧಿಕಾರ ಅಂತ ಕಾನೂನಾಯ್ತು. 1634ರಲ್ಲಿ ಎಂಟನೇ ಅರ್ಬನ್ ಇನ್ನೂ ಬಿಗಿ ಮಾಡಿ, ರೋಮ್ ಒಪ್ಪೋಕೆ ಮುಂಚೆ ಯಾರನ್ನಾದ್ರೂ ಬಹಿರಂಗವಾಗಿ ಸಂತ ಅಂತ ಪೂಜೆ ಮಾಡ್ತಿದ್ರೆ ಆ ಫೈಲೇ ಮುಂದೆ ಹೋಗಲ್ಲ ಅಂದ್ರು. ಹಳೇ ಕಾಲದ ಹುತಾತ್ಮರಿಗೆ ಮಾತ್ರ ಈ ವಿಚಾರಣೆ ಇಲ್ಲ. ಫಿಲೋಮಿನಾ ಆ ಬಾಗಿಲಿಂದಲೇ ಒಳಗೆ ಬಂದಿದ್ದು, ಹಳೇ ಹುತಾತ್ಮಳು ಅನ್ನೋ ಕೋಟಾದಲ್ಲಿ ಅನ್ನಿ ಬೇಕಾದ್ರೆ.

ಈಗಿನ ಪದ್ಧತಿ ಹೇಳ್ಬಿಡ್ತೀನಿ, ಇದು ನಮ್ಮ ತಾಲ್ಲೂಕು ಕಚೇರಿ ಫೈಲ್ ಥರಾನೇ, ಮೇಜಿಂದ ಮೇಜಿಗೆ. ಸತ್ತು ಐದು ವರ್ಷ ಆಗ್ಬೇಕು, ಆವೇಶ ಇಳೀಲಿ ಅಂತ. ಆಮೇಲೆ ಆ ಊರಿನ ಧರ್ಮಾಧ್ಯಕ್ಷರು, ಅಂದ್ರೆ ಬಿಷಪ್, ಕೇಸ್ ತೆರೀತಾರೆ, ಆಗ ದೇವರ ಸೇವಕ ಅಂತ ಹೆಸರು. ಬರೆದಿದ್ದ ಕಾಗದ ಪತ್ರ ಎಲ್ಲ ಕೆದಕಿ, ನೋಡಿದವರ ಸಾಕ್ಷಿ ತಗೊಂಡು ಸಾವಿರಾರು ಪುಟ ರೋಮ್‌ಗೆ ಹೋಗುತ್ತೆ, ಅಲ್ಲಿ ಬಾಳಿದ ರೀತಿ ಸರಿ ಅಂತ ಒಪ್ಪಿದ್ರೆ ಪೂಜ್ಯ. ಆಮೇಲೆ ಒಂದು ಪವಾಡ ಸಾಬೀತಾದ್ರೆ ಧನ್ಯ, ಆ ಘೋಷಣೆ ಆದ ಮೇಲೆ ನಡೆದ ಇನ್ನೊಂದು ಪವಾಡ ಬೇಕು ಸಂತ ಆಗೋಕೆ. ಧರ್ಮಕ್ಕಾಗಿ ಕೊಲೆಯಾದವರಿಗೆ ಮೊದಲ ಪವಾಡದಿಂದ ವಿನಾಯಿತಿ.

ಪವಾಡ ಅಂದ ತಕ್ಷಣ ಎಲ್ಲರೂ ನಗ್ತಾರೆ ಇಲ್ಲಾ ಕೈಮುಗೀತಾರೆ, ಮಧ್ಯದಲ್ಲಿ ಏನು ನಡೆಯುತ್ತೆ ಅಂತ ಯಾರೂ ಕೇಳಲ್ಲ. ಹೆಚ್ಚಾಗಿ ಕಾಯಿಲೆ ವಾಸಿ ಆದ ಕೇಸೇ ಇರುತ್ತೆ. ಏಳು ಜನ ಡಾಕ್ಟ್ರುಗಳ ಮಂಡಳಿ ರಿಪೋರ್ಟು ಸ್ಕ್ಯಾನು ಎಲ್ಲ ನೋಡಿ, ಇದು ಈಗಿನ ವೈದ್ಯಶಾಸ್ತ್ರಕ್ಕೆ ವಿವರಿಸೋಕಾಗಲ್ಲ ಅಂತ ಐದು ಜನನಾದ್ರೂ ಹೇಳ್ಬೇಕು, 2016ರಿಂದ ಈ ನಿಯಮ. ಡಾಕ್ಟ್ರುಗಳು ಪವಾಡ ಅನ್ನೋ ಮಾತೇ ಆಡಲ್ಲ, ಅದು ದೈವಶಾಸ್ತ್ರದವರ ಕೆಲಸ. ಹಾಗಂತ ಎಲ್ಲ ತಕರಾರಿಲ್ಲದೆ ಮುಗಿಯುತ್ತೆ ಅಂತಲ್ಲ. ಮದರ್ ತೆರೇಸಾ 1997ರಲ್ಲಿ ತೀರ್ಕೊಂಡ್ರು, ಅವರಿಗೆ ಐದು ವರ್ಷದ ನಿಯಮ ಸಡಿಲ ಮಾಡಿದ್ರು, 2003ರಲ್ಲಿ ಧನ್ಯ ಆದಾಗ ಒಪ್ಪಿದ್ದು ಬಂಗಾಳದ ಒಬ್ಬ ಹೆಂಗಸಿನ ಹೊಟ್ಟೆ ಗೆಡ್ಡೆ ಕರಗಿದ ಕೇಸು, ಚಿಕಿತ್ಸೆ ಕೊಟ್ಟ ಡಾಕ್ಟ್ರೇ ಅದು ನಮ್ಮ ಔಷಧಿಯಿಂದ ಆಗಿದ್ದು ಅಂತ ಬಹಿರಂಗವಾಗಿ ಹೇಳಿದ್ರು. ತೆರೇಸಾರ ಕಟು ಟೀಕಾಕಾರ ಕ್ರಿಸ್ಟೋಫರ್ ಹಿಚನ್ಸ್‌ನನ್ನ ತೆರೇಸಾ ವಿರುದ್ಧ ಸಾಕ್ಷಿ ಹೇಳೋಕೆ ಚರ್ಚೇ ಕರೆಸಿತ್ತು. ಹಿಂದೆ ಇದಕ್ಕಂತಾನೇ ಒಬ್ಬ ಅಧಿಕಾರಿ ಇರ್ತಿದ್ರು, ಜನ ಸೈತಾನನ ವಕೀಲ ಅಂತಿದ್ರು, ಸಂತ ಆಗೋಕೆ ಈತ ಲಾಯಕ್ಕಿಲ್ಲ ಅಂತ ವಾದ ಮಾಡೋದೇ ಅವರ ಕೆಲಸ. 1983ರಲ್ಲಿ ಎರಡನೇ ಜಾನ್ ಪಾಲ್ ಆ ವಕೀಲನ ಹಲ್ಲು ಕಿತ್ರು, ತಮ್ಮ ಅವಧಿಯಲ್ಲಿ ಅವರೊಬ್ಬರೇ ಒಟ್ಟು 482 ಜನರನ್ನ ಸಂತರು ಅಂತ ಘೋಷಿಸಿದ್ರು. ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ, ವಕೀಲ ಇರ್ಬೇಕಿತ್ತು.

ಎರಡನೇ ಪವಾಡ ಇಲ್ಲದೇನೂ ಆಗುತ್ತೆ, ಅದಕ್ಕೆ ನಮ್ಮ ಕರಾವಳಿಗೇ ಸೇರಿದ ಉದಾಹರಣೆ ಇದೆ. ಗೋವಾದ ಬೆಣಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್, ಕೊಂಕಣಿಯವರು, 1681ರಿಂದ ಮೂರು ವರ್ಷ ಮಂಗಳೂರು, ಬಸ್ರೂರು, ಗಂಗೊಳ್ಳಿ ಕಡೆ ಓಡಾಡಿ ಚರ್ಚು ಎಬ್ಬಿಸಿದವರು, ಮಂಗಳೂರು ಹತ್ರ ಮುಡಿಪು ಬೆಟ್ಟದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ. ಸಿಲೋನ್‌ನಲ್ಲಿ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನ ಓಡಿಸಿದ್ದಾರೆ ಅಂತ ಕೇಳಿ 1687ರಲ್ಲಿ ಕೂಲಿಯವನ ವೇಷದಲ್ಲಿ ಅಲ್ಲಿಗೆ ನುಗ್ಗಿದ್ರು, 1711ರಲ್ಲಿ ಕ್ಯಾಂಡಿಯಲ್ಲಿ ಸಾಯೋವರೆಗೂ ವಾಪಸ್ ಬರ್ಲಿಲ್ಲ. ಅವರಿಗೆ ಎರಡನೇ ಪವಾಡದ ಅಗತ್ಯ ಇಲ್ಲ ಅಂತ ಪೋಪ್ ಫ್ರಾನ್ಸಿಸ್ ಬಿಟ್ಟುಕೊಟ್ಟು 2015ರ ಜನವರಿ 14ರಂದು ಕೊಲಂಬೋದಲ್ಲಿ ಸಂತ ಅಂತ ಘೋಷಿಸಿದ್ರು. ಎಷ್ಟು ವರ್ಷ ಹಿಡೀತು ನೋಡಿ, 304. ಅಂತೋಣಿಗೆ ಮಾತ್ರ ಒಂದು ವರ್ಷವೂ ಹಿಡೀಲಿಲ್ಲ, 1231ರ ಜೂನ್ 13ಕ್ಕೆ ಸತ್ತು 1232ರ ಮೇ 30ಕ್ಕೆ ಸಂತ. ಜೋನ್ ಆಫ್ ಆರ್ಕ್‌ಳನ್ನ 1431ರಲ್ಲಿ ಚರ್ಚ್ ಕೋರ್ಟೇ ಧರ್ಮದ್ರೋಹಿ ಅಂತ ಸುಡಿಸಿ 1920ರಲ್ಲಿ ಚರ್ಚೇ ಸಂತ ಅಂತು.

ಇದೆಲ್ಲ ಕೇಳಿದ ಮೇಲೆ ಚರ್ಚ್ ಸಂತರನ್ನ ತಯಾರು ಮಾಡುತ್ತೆ ಅನ್ಸೋದು ಸಹಜ. ಆದ್ರೆ ಅವರ ಲೆಕ್ಕದಲ್ಲಿ ಸಂತ ಅಂದ್ರೆ ಸ್ವರ್ಗದಲ್ಲಿ ದೇವರ ಜೊತೆ ಇರೋರು, ಅಷ್ಟೇ. ಅಲ್ಲಿ ಯಾರಿದಾರೆ ಅಂತ ದೇವರಿಗೆ ಗೊತ್ತು, ಚರ್ಚ್ ಕೆಲವರ ಬಗ್ಗೆ ಮಾತ್ರ "ಇವರು ಖಂಡಿತ ಇದಾರೆ" ಅಂತ ಸೀಲ್ ಒತ್ತುತ್ತೆ. ಸೀಲ್ ಇಲ್ಲದವರೇ ಜಾಸ್ತಿ, ಅವರೆಲ್ಲರಿಗೂ ಸೇರಿಸಿ ನವೆಂಬರ್ 1ಕ್ಕೆ ಸರ್ವ ಸಂತರ ಹಬ್ಬ ಅಂತ ಮಾಡ್ತಾರೆ, ನಾವಿಲ್ಲಿ ರಾಜ್ಯೋತ್ಸವ ಮಾಡೋ ದಿನಾನೇ. ಸಾಕ್ಷಿ ಸಾಲದು ಅಂತ ಫಿಲೋಮಿನಾ ಹಬ್ಬ ತೆಗೆದ್ರೇ ಹೊರತು, ಆಕೆ ಸ್ವರ್ಗದಲ್ಲಿಲ್ಲ ಅಂತ ಯಾರೂ ಹೇಳಿಲ್ಲ. 1969ರಲ್ಲಿ ಕ್ರಿಸ್ಟೋಫರ್, ಅದೇ ಕಾರಿನ ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ತಾರಲ್ಲ, ಅವರ ಹಬ್ಬನೂ ಸಾಮಾನ್ಯ ಕ್ಯಾಲೆಂಡರಿಂದ ಇಳಿಸಿದ್ರು, ಜನ ಆಗಲೂ ಸಂತರನ್ನ ಡಿಸ್ಮಿಸ್ ಮಾಡಿದ್ರು ಅಂತ ಗಲಾಟೆ ಮಾಡಿದ್ರು. ಅವರ ಹೆಸರು ಪಟ್ಟಿಯಲ್ಲಿ ಇವತ್ತಿಗೂ ಇದೆ, ಜುಲೈ 25.

ಇನ್ನು ಒಬ್ಬನೇ ದೇವರು ಅಂದ್ಮೇಲೆ ಸಂತರು ಯಾಕೆ ಅನ್ನೋದು. ಕ್ಯಾಥೊಲಿಕ್ ಉತ್ತರ ಸಿಂಪಲ್ಲು, ಆರಾಧನೆ ದೇವರೊಬ್ಬನಿಗೆ, ಸಂತರಿಗೆ ಗೌರವ ಮತ್ತು ವಿನಂತಿ. 787ರಲ್ಲಿ ನಿಕೇಯಾ ಮಹಾಸಭೆಯಲ್ಲೇ ಈ ಗೆರೆ ಎಳೆದ್ರು. ಅಂತೋಣಿ ತಾನಾಗಿ ಏನೂ ಕೊಡಲ್ಲ, ನಿಮ್ಮ ಪರವಾಗಿ ದೇವರನ್ನ ಕೇಳ್ತಾರೆ. ಪಕ್ಕದ ಮನೆಯವರಿಗೆ "ನನಗೋಸ್ಕರ ಪ್ರಾರ್ಥನೆ ಮಾಡಿ" ಅನ್ನಲ್ವಾ, ಸತ್ತ ಮಾತ್ರಕ್ಕೆ ಆ ನೆಂಟಸ್ತನ ಕಡಿದುಹೋಗಲ್ಲ ಅನ್ನೋದು ಅವರ ನಂಬಿಕೆ. ಪ್ರಾಟೆಸ್ಟೆಂಟರು ಇದನ್ನ ಒಪ್ಪಲ್ಲ, ಸಂತರ ಬದುಕು ನೋಡಿ ಕಲೀರಿ, ಅವರ ಹತ್ರ ಬೇಡಬೇಡಿ, ಮಧ್ಯವರ್ತಿ ಕ್ರಿಸ್ತನೊಬ್ಬನೇ ಅಂತಾರೆ. ಅದಕ್ಕೇ ಬೆಂಗಳೂರು ಎಂ.ಜಿ. ರೋಡಿನ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್‌ಗೆ ಸಂತರ ಹೆಸರಿದ್ರೂ ಒಳಗೆ ಮಾರ್ಕನಿಗೆ ನೊವೇನಾ, ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಇರಲ್ಲ.

ಗೆರೆ ಪುಸ್ತಕದಲ್ಲಿ ನೆಟ್ಟಗಿರುತ್ತೆ, ಮನೆಯಲ್ಲಿ ಇರಲ್ಲ. ನಮ್ಮಜ್ಜಿ ಬೀರು ಕೀ ಕಳಕೊಂಡಾಗೆಲ್ಲ ಸೆರಗಿನ ತುದಿಗೆ ಒಂದು ಗಂಟು ಹಾಕಿ "ಅಂತೋಣಪ್ಪಾ, ಕೀ ಸಿಗೋವರೆಗೂ ಈ ಗಂಟು ಬಿಚ್ಚಲ್ಲ ನೋಡು" ಅಂತ ಧಮಕಿ ಹಾಕೋರು. ದೇವರನ್ನ ಹಾಗೆ ಗದರಿಸಿದ್ದು ನಾನು ಕೇಳಿಲ್ಲ, ಸಂತರ ಹತ್ರ ಮಾತ್ರ ಆ ಸಲುಗೆ. ಕೆ.ಆರ್. ನಗರದ ಹತ್ರ ಡೋರನಹಳ್ಳಿಗೆ ಜೂನ್ 13ಕ್ಕೆ ಹೋಗಿ ನೋಡಿ, ಹೊಲ ಉಳೋವಾಗ ರೈತನಿಗೆ ಸಿಕ್ಕಿದ್ದು ಅಂತ ಹೇಳೋ ಆ ಅಂತೋಣಿ ಪ್ರತಿಮೆ ಮುಂದೆ ಹರಕೆ ಹೊತ್ತವರಲ್ಲಿ ಅರ್ಧಕ್ಕರ್ಧ ನಿಮ್ಮಜ್ಜಿ ಥರದವರೇ. ಹಳೇ ಮೈಸೂರು ಕಡೆ ಕ್ಯಾಥೊಲಿಕರ ಹೆಸರು ಕೇಳಿ, ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ. ಇವರೇ ಪೇತ್ರ, ಪೌಲ, ಯೊವಾನ್ನ, ಇಗ್ನೇಶಿಯಸ್. ಮನೆ ಹಿರಿಯರ ಥರ ಅಪ್ಪ ಸೇರಿಸಿ ಕರೆದಿದಾರೆ. ಕಾರ್ಕಳದ ಅತ್ತೂರಿನಲ್ಲಿ ಜನವರಿ ಕೊನೆಗೆ ಸಂತ ಲಾರೆನ್ಸರ ಹಬ್ಬ, ಊರವರ ಬಾಯಲ್ಲಿ ಅತ್ತೂರು ಸಾಂತ್‌ಮಾರಿ. 258ರಲ್ಲಿ ರೋಮ್‌ನಲ್ಲಿ ಕೊಲೆಯಾದ ಒಬ್ಬ ಡೀಕನ್ನನಿಗೆ, ಅಂದ್ರೆ ಪಾದ್ರಿಗಿಂತ ಕೆಳಗಿನ ಧರ್ಮಸೇವಕನಿಗೆ, ತುಳುನಾಡಲ್ಲಿ ಹೂವು ಮೇಣದಬತ್ತಿ.

ಅಂದಹಾಗೆ ಸಂತರು ಅಂದ್ರೆ ತಪ್ಪೇ ಮಾಡದವರು ಅಂದ್ಕೋಬೇಡಿ. ಬೈಬಲ್ಲನ್ನ ಲ್ಯಾಟಿನ್‌ಗೆ ತಂದ ಜೆರೋಮ್‌ಗೆ ಮೂಗಿನ ತುದಿಯಲ್ಲೇ ಕೋಪ, ಅಗಸ್ಟೀನ್‌ಗೆ ಮದುವೆ ಇಲ್ಲದೇ ಒಬ್ಬ ಮಗ ಇದ್ದ. ಮದರ್ ತೆರೇಸಾರ ಪತ್ರಗಳು 2007ರಲ್ಲಿ ಹೊರಗೆ ಬಂದಾಗ, ಹತ್ತಾರು ವರ್ಷ ಅವರಿಗೆ ದೇವರು ಇದಾನೆ ಅನ್ನೋ ಅನುಭವವೇ ಇರ್ಲಿಲ್ಲ, ಒಳಗೆಲ್ಲ ಕತ್ತಲು ಅಂತ ಬರ್ಕೊಂಡಿದ್ದು ಗೊತ್ತಾಯ್ತು. ನನಗೆ ಪವಾಡಕ್ಕಿಂತ ಅದೇ ದೊಡ್ಡದು ಅನ್ಸುತ್ತೆ, ಏನೂ ಕಾಣದೇ ಇದ್ರೂ ಬೆಳಿಗ್ಗೆ ಎದ್ದು ಕಾಳೀಘಾಟ್‌ನಲ್ಲಿ ಸಾಯ್ತಿರೋರ ಮೈ ಒರೆಸೋಕೆ ಹೋದದ್ದು.

ಈಗ ನಿಮ್ಮಜ್ಜಿ ವಿಷಯ. ಹೇಳಿ, ಯಾಕೆ ಹೇಳ್ಬಾರ್ದು, ಆದ್ರೆ ಆಫೀಸಿನವರು ಹೇಳಿದಂಗೆ ಹೇಳ್ಬೇಡಿ, ಹಂಚಿನ ಕಥೆ ಹೇಳಿ. ಫಿಲೋಮಿನಾ ಚಿತ್ರ ಎಲ್ಲೇ ಕಂಡ್ರೂ ಕೈಯಲ್ಲಿ ಬಾಣ, ಪಕ್ಕದಲ್ಲಿ ಲಂಗರು ಇರುತ್ತಲ್ಲ, ಅದು ಎಲ್ಲಿಂದ ಬಂತು ಅಂತ ತೋರಿಸಿ. ರಾಜಕುಮಾರಿ ಕಥೆ ಬಿದ್ದುಹೋದ್ರೂ ಒಂದು ಉಳಿಯುತ್ತೆ, ಸಾವಿರದೈನೂರು ವರ್ಷಕ್ಕೂ ಹಿಂದೆ ಯಾವುದೋ ಮನೆಯವರು ಬಣ್ಣದಲ್ಲಿ ಕುಂಚ ಅದ್ದಿ ಫಿಲುಮೆನಾ ನಿನಗೆ ಶಾಂತಿ ಇರಲಿ ಅಂತ ಹಂಚಿನ ಮೇಲೆ ಬರೆದಿದ್ರು, ಆ ಹೆಸರಿನ ಹುಡುಗಿ ಯಾರದೋ ಮಗಳಾಗಿದ್ಲು. ಆಕೆ ಹಬ್ಬದ ತಾರೀಕು ಆಗಸ್ಟ್ 11. ಅಜ್ಜಿ ಮಂಡಿ ಹೇಗಿದೆಯೋ ಗೊತ್ತಿಲ್ಲ, ನೆಲಮಾಳಿಗೆ ಮೆಟ್ಟಿಲು ಇಳಿಯೋವಾಗ ಕೈ ಹಿಡ್ಕೊಳ್ಳಿ.